ಹಳೆಯ ಗಣಕಯಂತ್ರಕ್ಕೆ ಹೊಸ ಮೆಮೊರಿ: ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಬಿಲ್ಲಿಂಗ್, ದಾಸ್ತಾನು ಲೆಕ್ಕ ಹಾಗೂ ಜಿಎಸ್‌ಟಿ ರಿಟರ್ನ್ ಸಲ್ಲಿಕೆಗಾಗಿ ಹತ್ತು ವರ್ಷ ಮೀರಿದ ಗಣಕಯಂತ್ರಗಳು ಅನೇಕ ಅಂಗಡಿ, ಕಾರ್ಖಾನೆಗಳಲ್ಲಿ ಇಂದಿಗೂ ದುಡಿಯುತ್ತಿವೆ. ಅವುಗಳ ವೇಗ ಕುಂದಿದಾಗ ಮೊದಲು ಹೊಳೆಯುವ ಪರಿಹಾರ ಮೆಮೊರಿ, ಅಂದರೆ ರ‍್ಯಾಮ್, ಹೆಚ್ಚಿಸುವುದು. 2025ರ ಉತ್ತರಾರ್ಧದಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಇಂತಹ ಮಾರುಕಟ್ಟೆಯಲ್ಲಿ ಹೊಂದದ ಮಾಡ್ಯೂಲ್ ಕೊಂಡರೆ ಹಣದ ಜೊತೆಗೆ ವ್ಯವಹಾರದ ಸಮಯವೂ ನಷ್ಟವಾಗುತ್ತದೆ. ಆದ್ದರಿಂದ ಎಷ್ಟು ಜಿಬಿ ಬೇಕೆಂಬುದಕ್ಕಿಂತ ಮೊದಲು, ಮದರ್‌ಬೋರ್ಡ್ ಯಾವುದನ್ನು ಸ್ವೀಕರಿಸುತ್ತದೆ ಎಂಬುದನ್ನು ತಿಳಿಯಬೇಕು.

ಪೀಳಿಗೆ ಮತ್ತು ವೋಲ್ಟೇಜ್

ಡಿಡಿಆರ್2, ಡಿಡಿಆರ್3, ಡಿಡಿಆರ್4 ಮಾಡ್ಯೂಲ್‌ಗಳನ್ನು ಒಂದರ ಬದಲು ಮತ್ತೊಂದನ್ನು ಬಳಸಲಾಗದು. ಡೆಸ್ಕ್‌ಟಾಪ್‌ನಲ್ಲಿ ಮೊದಲೆರಡಕ್ಕೂ 240 ಪಿನ್‌ಗಳಿದ್ದರೂ ಅಂಚಿನ ಕಚ್ಚಿನ ಸ್ಥಾನ ಬೇರೆ. ಲ್ಯಾಪ್‌ಟಾಪ್‌ನ ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260 ಪಿನ್‌ಗಳಿರುತ್ತವೆ. ಸಾಧಾರಣ ಡಿಡಿಆರ್3 1.5 ವೋಲ್ಟ್‌ನಲ್ಲಿಯೂ, 'ಪಿಸಿ3ಎಲ್' ಎಂಬ ಚೀಟಿಯುಳ್ಳದ್ದು 1.35 ವೋಲ್ಟ್‌ನಲ್ಲಿಯೂ ಕೆಲಸ ಮಾಡುತ್ತದೆ. 1.35 ವೋಲ್ಟ್ ಮಾತ್ರ ಒದಗಿಸುವ ಲ್ಯಾಪ್‌ಟಾಪ್‌ಗಳಿಗೆ ಎರಡನೆಯದೇ ಬೇಕು.

ಕಣ್ಣಿಗೆ ಕಾಣದ ವ್ಯತ್ಯಾಸ

ಸ್ಲಾಟ್‌ನಲ್ಲಿ ಕುಳಿತ ಮಾತ್ರಕ್ಕೆ ಮೆಮೊರಿ ಹೊಂದಿತೆಂದು ಭಾವಿಸಲಾಗದು. ಇಂಟೆಲ್ ಜಿ41 ಚಿಪ್‌ಸೆಟ್‌ನ ಡಿಡಿಆರ್3 ಬೋರ್ಡ್‌ಗಳಿಗೆ 4 ಜಿಬಿ ಮಾಡ್ಯೂಲ್ ಕೊಳ್ಳುವಾಗ ಎರಡೂ ಬದಿ ಸೇರಿ 16 ಚಿಪ್‌ಗಳಿರುವುದನ್ನು ಆಯ್ದುಕೊಳ್ಳಬೇಕು. 8 ಚಿಪ್‌ಗಳದ್ದನ್ನು ಅವು ಸಾಮಾನ್ಯವಾಗಿ ಸರಿಯಾಗಿ ಗುರುತಿಸವು. ಅಗ್ಗವಾಗಿ ದೊರೆಯುವ ಕೆಲವು ಡಿಡಿಆರ್3 ಮಾಡ್ಯೂಲ್‌ಗಳು ಎಎಂಡಿ ಬೋರ್ಡ್‌ಗಳಿಗೆ ಮಾತ್ರ ಹೊಂದುತ್ತವೆ. ಸರ್ವರ್‌ಗಳಿಂದ ಬಿಚ್ಚಿದ 'ರಿಜಿಸ್ಟರ್ಡ್' ಮೆಮೊರಿಯಿಂದ ಸಾಮಾನ್ಯ ಡೆಸ್ಕ್‌ಟಾಪ್ ಆರಂಭವಾಗುವುದೇ ಇಲ್ಲ. 1333 ಮತ್ತು 1600 ವೇಗದ ಮಾಡ್ಯೂಲ್‌ಗಳನ್ನು ಒಟ್ಟಿಗೆ ಬಳಸಿದರೆ ಎರಡೂ ಕಡಿಮೆ ವೇಗದಲ್ಲಿಯೇ ನಡೆಯುತ್ತವೆ.

ಲಾಭದ ಮಿತಿ

32-ಬಿಟ್ ವಿಂಡೋಸ್‌ನ ಡೆಸ್ಕ್‌ಟಾಪ್ ಆವೃತ್ತಿಗಳು 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸಲಾರವು. 8 ಜಿಬಿ ಹಾಕಿದರೂ ಉಳಿದದ್ದು ವ್ಯರ್ಥ. ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಮೆಮೊರಿಯಷ್ಟೇ ಸಾಲದು, ಟಿಪಿಎಂ 2.0 ಹಾಗೂ ಮಾನ್ಯತೆ ಪಡೆದ ಪ್ರೊಸೆಸರ್ ಕೂಡ ಅಗತ್ಯ. ಇವಿಲ್ಲದ ಯಂತ್ರಕ್ಕೆ ಹೆಚ್ಚು ಹಣ ತೊಡಗಿಸುವುದು ವಿವೇಕವಲ್ಲ. ಯಂತ್ರದಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ, ಎಸ್‌ಎಸ್‌ಡಿ ಅಳವಡಿಕೆಯೇ ಹೆಚ್ಚಿನ ವೇಗ ನೀಡಬಹುದು.

ಖರೀದಿಯ ಕ್ರಮ

ಮೊದಲು ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಬಳಕೆಯನ್ನೂ ಖಾಲಿ ಸ್ಲಾಟ್‌ಗಳನ್ನೂ ನೋಡಬೇಕು. ಬಳಕೆ ಕಡಿಮೆಯಿದ್ದರೆ ದೋಷ ಬೇರೆಡೆ ಇದೆ ಎಂದರ್ಥ. ಬೋರ್ಡ್‌ನ ಮಾದರಿ ಸಂಖ್ಯೆಯಿಂದ ತಯಾರಕರ ಕೈಪಿಡಿಯಲ್ಲಿ ಗರಿಷ್ಠ ಸಾಮರ್ಥ್ಯವನ್ನು ಖಚಿತಪಡಿಸಿಕೊಳ್ಳಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗೆ ಹೋಗುವಾಗ ಹಳೆಯ ಮಾಡ್ಯೂಲನ್ನು ಜೊತೆಗೆ ಒಯ್ಯುವುದು ಲೇಸು. ಹೊಂದದಿದ್ದರೆ ಹಿಂತಿರುಗಿಸುವ ಷರತ್ತನ್ನು ಬಿಲ್ಲಿನಲ್ಲಿಯೇ ಬರೆಸಿಕೊಳ್ಳತಕ್ಕದ್ದು. ಅಳವಡಿಸುವ ಮುನ್ನ ದತ್ತಾಂಶದ ಪ್ರತಿ ತೆಗೆದಿರಿಸಿ, ವಿದ್ಯುತ್ ಸಂಪರ್ಕ ಕಡಿದು, ಬಳಿಕ ವಿಂಡೋಸ್‌ನ ಮೆಮೊರಿ ಪರೀಕ್ಷೆ ನಡೆಸಬೇಕು. ದೋಷಯುಕ್ತ ಮೆಮೊರಿಯು ಯಂತ್ರವನ್ನು ನಿಲ್ಲಿಸದೆಯೇ ಲೆಕ್ಕದ ಕಡತಗಳನ್ನು ಕೆಡಿಸಬಲ್ಲದು. ಆ ನಷ್ಟದ ಮುಂದೆ ಮಾಡ್ಯೂಲ್‌ನ ಬೆಲೆ ಅಲ್ಪವೇ ಸರಿ.