ನಿಮಗಿದು ಗೊತ್ತೆ? ಹಳದಿ ಎಲೆಯ ಸ್ಥಾನವೇ ಕೊರತೆಯ ಸುಳಿವು

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಯ ಬಾಲ್ಕನಿ ಕುಂಡಗಳಲ್ಲಿ ಬೆಳೆಯುವ ಮೆಣಸಿನ ಅಥವಾ ಟೊಮೆಟೊ ಸಸಿಯ ಎಲೆ ಹಳದಿಯಾದಾಗ, ಕೊರತೆ ಯಾವುದರದ್ದೆಂಬುದನ್ನು ಬಣ್ಣಕ್ಕಿಂತ ಎಲೆಯ ಸ್ಥಾನವೇ ಹೆಚ್ಚು ಸ್ಪಷ್ಟವಾಗಿ ಸೂಚಿಸುತ್ತದೆ. ಸಾರಜನಕ ಮತ್ತು ಮೆಗ್ನೀಸಿಯಂ ಸಸ್ಯದೊಳಗೆ ಸುಲಭವಾಗಿ ಚಲಿಸುವ ಪೋಷಕಾಂಶಗಳಾದ್ದರಿಂದ, ಅಭಾವ ಉಂಟಾದಾಗ ಗಿಡವು ಅವನ್ನು ಹಳೆಯ ಎಲೆಗಳಿಂದ ಹಿಂಪಡೆದು ಚಿಗುರಿಗೆ ರವಾನಿಸುತ್ತದೆ. ಹೀಗಾಗಿ ಕೆಳಗಿನ ಎಲೆಗಳು ಮೊದಲು ಬಣ್ಣಗೆಡುತ್ತವೆ. ಸಾರಜನಕದ ಕೊರತೆಯಲ್ಲಿ ಎಲೆ ಇಡಿಯಾಗಿ ಹಳದಿಯಾದರೆ, ಮೆಗ್ನೀಸಿಯಂ ಕೊರತೆಯಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಗೆ ತಿರುಗುತ್ತದೆ. ಅಷ್ಟು ಸುಲಭವಾಗಿ ಚಲಿಸದ ಕಬ್ಬಿಣ ಕಡಿಮೆಯಾದಾಗ ಇದೇ ಚಿತ್ರ ಎಳೆಯ ಎಲೆಗಳಲ್ಲಿ ಕಾಣುತ್ತದೆ.

ಕೊಂಕಣದ ಮುಂಗಾರಿನಲ್ಲಿ ಈ ಪರೀಕ್ಷೆ ತುಸು ಜಟಿಲ. ಸಾರಜನಕದ ನೈಟ್ರೇಟ್ ರೂಪವು ಮಳೆನೀರಿನೊಡನೆ ಕೊಚ್ಚಿಹೋಗುವುದು ನಿಜವಾದರೂ, ನೀರು ನಿಂತ ಕುಂಡದಲ್ಲಿ ಉಸಿರಾಡಲಾರದ ಬೇರು ಇರುವ ಪೋಷಕಾಂಶವನ್ನೂ ಹೀರಲಾರದೆ ಅದೇ ಲಕ್ಷಣ ತೋರುತ್ತದೆ. ಆಗ ಗೊಬ್ಬರವಲ್ಲ, ಕುಂಡದ ತಳದ ರಂಧ್ರ ತೆರವಾಗಿರುವುದು ಮುಖ್ಯ. ಮೊಳಕೆಯ ಬೀಜದಳಗಳು ತಾವಾಗಿ ಹಳದಿಯಾಗಿ ಉದುರುವುದಂತೂ ರೋಗವೇ ಅಲ್ಲ.

ಕೊರತೆಯನ್ನು ಸೋಂಕೆಂದು ಭ್ರಮಿಸುವುದು ಹವ್ಯಾಸಿಗಳಿಗಷ್ಟೇ ಸೀಮಿತವಲ್ಲ: ಉತ್ತರ ಭಾರತದ ತರಾಯ್ ಪ್ರದೇಶದಲ್ಲಿ ಭತ್ತದ ಎಳೆಯ ಪೈರಿನ ಎಲೆಗಳ ಮೇಲೆ ತುಕ್ಕುಬಣ್ಣದ ಚುಕ್ಕೆ ಮೂಡಿಸುತ್ತಿದ್ದ 'ಖೈರಾ' ರೋಗಕ್ಕೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ಸಸ್ಯರೋಗ ವಿಜ್ಞಾನಿ ವೈ.ಎಲ್. ನೆನೆ 1966ರಲ್ಲಿ ತೋರಿಸಿದರು, ಮತ್ತು ಸುಣ್ಣ ಬೆರೆಸಿದ ಸತುವಿನ ಸಲ್ಫೇಟ್ ದ್ರಾವಣದ ಸಿಂಪಡಣೆ ಅದಕ್ಕೆ ಪರಿಹಾರವಾಯಿತು.