ನಿಮಗಿದು ಗೊತ್ತೆ? ಹುಟ್ಟು ಹಿಡಿದು ಕ್ಯಾನ್ಸರ್ ಗೆದ್ದವರು

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದ ಮಹಿಳೆಯರಿಗೆ ಒಂದು ಕಾಲದಲ್ಲಿ ಸಿಗುತ್ತಿದ್ದ ಸಲಹೆ: ಭಾರ ಎತ್ತಬೇಡಿ, ಕೈಗೆ ಶ್ರಮ ಕೊಡಬೇಡಿ. ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ದ್ರವ ಸರಾಗವಾಗಿ ಹರಿಯದೆ ತೋಳು ಊದಿಕೊಳ್ಳುವ ಲಿಂಫೆಡಿಮಾ ಬಂದೀತೆಂಬ ಭಯ.

ಕೆನಡಾದ ವ್ಯಾಂಕೂವರ್‌ನ ಕ್ರೀಡಾ ವೈದ್ಯ ಡಾ. ಡಾನ್ ಮೆಕೆಂಜಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. 1996ರಲ್ಲಿ ಅವರು ಚಿಕಿತ್ಸೆ ಪಡೆದಿದ್ದ 24 ಮಹಿಳೆಯರನ್ನು ಕಲೆಹಾಕಿ, ಹಂತಹಂತವಾಗಿ ತರಬೇತಿ ಕೊಟ್ಟು, ಚೀನಾ ಮೂಲದ ಡ್ರ್ಯಾಗನ್ ದೋಣಿ ಹತ್ತಿಸಿದರು. ಅದೇನು ವಿಹಾರದ ದೋಣಿಯಲ್ಲ. ಇಪ್ಪತ್ತು ಜನ ಇಬ್ಬಿಬ್ಬರಂತೆ ಸಾಲಾಗಿ ಕೂತು, ಮುಂದೆ ನಗಾರಿ ಬಾರಿಸುವವರ ತಾಳಕ್ಕೆ ಒಟ್ಟಿಗೇ ಹುಟ್ಟು ಹಾಕಬೇಕು. ತೋಳು, ಭುಜ, ಬೆನ್ನು ಯಾವುದಕ್ಕೂ ಬಿಡುವಿಲ್ಲ. ಆದರೂ ಹೊಸದಾಗಿ ಒಬ್ಬರಿಗೂ ತೋಳು ಬಾವು ಬರಲಿಲ್ಲ! ತಂಡ ಚಿಕ್ಕದೇ, ನಿಜ. ಆದರೆ 1998ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಮೆಕೆಂಜಿ ಬರೆದ ಲೇಖನ ಹಳೆಯ ಸಲಹೆಯನ್ನೇ ಅಲುಗಾಡಿಸಿತು.

ಇಂದು ಹಲವು ದೇಶಗಳಲ್ಲಿ ಇಂಥ ತಂಡಗಳಿವೆ. ಗುಲಾಬಿ ಬಣ್ಣದ ಅಂಗಿ ಇವರ ಗುರುತು. ಪಂದ್ಯದ ಬಳಿಕ ದೋಣಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಅಗಲಿದ ಗೆಳತಿಯರ ನೆನಪಿಗೆ ನೀರಿಗೆ ಹೂ ಎಸೆಯುವುದು ವಾಡಿಕೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದ ಪೀಟರ್‌ಬರೊ ಊರಿನಲ್ಲಿ 2001ರಿಂದ ನಡೆಯುತ್ತಿರುವ ಡ್ರ್ಯಾಗನ್ ದೋಣಿ ಉತ್ಸವದಲ್ಲಿ ತಂಡಗಳು ದೇಣಿಗೆ ಎತ್ತಿ ತರುತ್ತವೆ. ಆ ಹಣ ಅಲ್ಲಿನ ಪ್ರಾದೇಶಿಕ ಆಸ್ಪತ್ರೆಯ ಕ್ಯಾನ್ಸರ್ ಆರೈಕೆಗೆ ಹೋಗುತ್ತದೆ.