ಗಾಳಿಯ ಮುಖ, ಗಾಳಿಯ ಮರೆ

ನಾಸಿಕ್ ಜಿಲ್ಲೆಯ ಬಾಗ್ಲಾಣ ತಾಲ್ಲೂಕಿನ ಕೇಂದ್ರವಾದ ಸಟಾಣಾ ಸಹ್ಯಾದ್ರಿಯ ಮುಖ್ಯಸಾಲಿನ ಪೂರ್ವಕ್ಕಿದೆ. ಅದೇ ಜಿಲ್ಲೆಯ ಇಗತ್‌ಪುರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಸಟಾಣಾದ ಈರುಳ್ಳಿ, ದಾಳಿಂಬೆ ಬೆಳೆಗಾರರಿಗೆ ಅದರ ಸಣ್ಣ ಪಾಲಷ್ಟೇ ದಕ್ಕುತ್ತದೆ. ಈ ಅಂತರವನ್ನು ವಿವರಿಸಲು ಭೂಗೋಳಶಾಸ್ತ್ರವು ಪರಸ್ಪರ ವಿರುದ್ಧವಾದ ಎರಡು ಇಂಗ್ಲಿಷ್ ಪದಗಳನ್ನು ಬಳಸುತ್ತದೆ. ಗಾಳಿ ಬೀಸಿ ಬರುವ ದಿಕ್ಕಿಗೆ ಮುಖ ಮಾಡಿದ ಬದಿ ವಿಂಡ್‌ವರ್ಡ್; ಗಾಳಿಗೆ ಬೆನ್ನುಕೊಟ್ಟು ಮರೆಯಲ್ಲಿರುವ ಬದಿ ಲೀವರ್ಡ್.

ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಘಟ್ಟವನ್ನೇರುತ್ತ ತಣ್ಣಗಾಗಿ, ಹೊತ್ತು ತಂದ ನೀರನ್ನು ಪಶ್ಚಿಮದ ಇಳಿಜಾರಿನಲ್ಲಿಯೇ ಸುರಿಸಿಬಿಡುತ್ತದೆ. ಪೂರ್ವಕ್ಕೆ ಇಳಿಯುವಾಗ ಅದು ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್‌ನಂತೆ ಬಿಸಿಯಾಗುವುದರಿಂದ ಮೋಡ ಕರಗುತ್ತದೆ. ಹೀಗೆ ಮಳೆ ವಂಚಿತವಾಗುವ ನೆಲಕ್ಕೆ ಮಳೆನೆರಳಿನ ಪ್ರದೇಶವೆಂದು ಹೆಸರು. ಆಗುಂಬೆಗೂ ಚಳ್ಳಕೆರೆಗೂ ಇರುವ ವ್ಯತ್ಯಾಸದ ಹಿಂದೆಯೂ ಬಹುಮಟ್ಟಿಗೆ ಇದೇ ಕಾರಣವಿದೆ. ಆದರೆ ಲೀವರ್ಡ್ ಎಂದರೆ ಮಳೆನೆರಳು ಎಂದೇ ಅರ್ಥ ಮಾಡಿಕೊಳ್ಳುವುದು ಸರಿಯಲ್ಲ, ಏಕೆಂದರೆ ಒಣಗಾಳಿ ಬೀಸುವಾಗಲೂ ಬೆಟ್ಟಕ್ಕೊಂದು ಮರೆಯ ಬದಿ ಇದ್ದೇ ಇರುತ್ತದೆ.

ಪದಗಳ ನಿಜವಾದ ಸ್ವಭಾವ ತಿಳಿಯಬೇಕಾದರೆ ಅವು ಬಂದ ಹಾಯಿಹಡಗಿನ ಲೋಕಕ್ಕೇ ಹೋಗಬೇಕು. ನಾವಿಕನಿಗೆ ಹಡಗಿನ ಲೀವರ್ಡ್ ಬದಿ ಗಾಳಿಯಿಂದ ಆಸರೆ ಕೊಡುವ ಬದಿ. ಆದರೂ 'ಲೀ ಶೋರ್' ಎಂದರೆ ಅವನಿಗೆ ದಿಗಿಲು, ಏಕೆಂದರೆ ಅದು ಹಡಗಿನ ಮರೆಯ ಬದಿಯಲ್ಲಿರುವ, ಗಾಳಿ ಹಡಗನ್ನು ತಳ್ಳಿಕೊಂಡು ಹೋಗಿ ಅಪ್ಪಳಿಸಬಲ್ಲ ದಡ. ವಿಶೇಷವೆಂದರೆ, ಅದೇ ದಡ ನೆಲದ ಮೇಲೆ ನಿಂತವನ ಪಾಲಿಗೆ ಗಾಳಿಗೆ ಎದುರಾದ ವಿಂಡ್‌ವರ್ಡ್ ದಡವಾಗಿರುತ್ತದೆ. ಮಲೆನಾಡು, ಬಯಲುಸೀಮೆ ಎಂಬ ನಮ್ಮ ಹೆಸರುಗಳು ನೆಲಕ್ಕೆ ಅಂಟಿಕೊಂಡಿವೆ. ಈ ಇಂಗ್ಲಿಷ್ ಪದಗಳಾದರೋ ಗಾಳಿ ತಿರುಗಿದೊಡನೆ ತಾವೂ ತಿರುಗುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾರುತ ಬೀಸುವಾಗ ನೀಲಗಿರಿಯ ಪೂರ್ವದ ಇಳಿಜಾರು ವಿಂಡ್‌ವರ್ಡ್ ಆಗುತ್ತದೆ, ಆದ್ದರಿಂದಲೇ ಆ ತಿಂಗಳುಗಳಲ್ಲಿ ಕೂನೂರಿಗೆ ಊಟಿಗಿಂತ ಹೆಚ್ಚು ಮಳೆ. ಪಠ್ಯಪುಸ್ತಕಗಳು ಋತುವನ್ನು ಹೇಳದೆ ಪಶ್ಚಿಮವೇ ವಿಂಡ್‌ವರ್ಡ್ ಎಂದು ಕಲಿಸುವುದು ಮಕ್ಕಳ ತಿಳಿವಳಿಕೆಯನ್ನು ಅರ್ಧಕ್ಕೇ ನಿಲ್ಲಿಸುತ್ತದೆ.

ಮರೆಯ ಬದಿಯ ಬದುಕು ಕೇವಲ ಕೊರತೆಯದಲ್ಲ ಎಂಬುದನ್ನು ಬಾಗ್ಲಾಣ ಚೆನ್ನಾಗಿ ತೋರಿಸಿಕೊಟ್ಟಿದೆ. ಪಶ್ಚಿಮದ ಬೆಟ್ಟಗಳಲ್ಲಿ ಹುಟ್ಟಿ ಪೂರ್ವಕ್ಕೆ ಹರಿದುಬರುವ ಮೋಸಮ್ ಮತ್ತು ಆರಮ್ ನದಿಗಳಿಗೆ ಅಡ್ಡಲಾಗಿ ರೈತರು ಬಂಧಾರಾ ಎಂಬ ತಗ್ಗಿನ ಒಡ್ಡುಗಳನ್ನು ಕಟ್ಟಿ, ಕಾಲುವೆಯಲ್ಲಿ ನೀರು ತಿರುಗಿಸಿ, 'ಫಡ್' ಎಂಬ ಸಮುದಾಯದ ನೀರಾವರಿ ಪದ್ಧತಿಯನ್ನು ಶತಮಾನಗಳ ಹಿಂದೆಯೇ ರೂಪಿಸಿಕೊಂಡರು. ಒಡ್ಡಿನ ಕೆಳಗಿನ ಜಮೀನನ್ನು ಕೆಲವು ಫಡ್‌ಗಳಾಗಿ, ಅಂದರೆ ದೊಡ್ಡ ಪಾಲುಗಳಾಗಿ ವಿಂಗಡಿಸಿ, ಒಂದು ಫಡ್‌ನಲ್ಲಿ ಎಲ್ಲರೂ ಒಂದೇ ಬೆಳೆ ಇಡುತ್ತಾರೆ. ಹೊಲಗಳಿಗೆ ನೀರು ಬಿಡುವ ಕೆಲಸ ಪಾಟ್‌ಕರಿಯದು. ನದಿಯಲ್ಲಿ ನೀರು ಕಡಿಮೆಯಾದ ವರ್ಷ ಎಷ್ಟು ಫಡ್‌ಗಳಿಗೆ ನೀರು ಕೊಡಬೇಕೆಂಬುದನ್ನು ರೈತರೇ ಕೂಡಿ ತೀರ್ಮಾನಿಸುತ್ತಾರೆ.